ಖಾಲಿ ಸೆಲ್ಲು ಕುಣಿಯುತ್ತದೆ

ನಮ್ಮ ಬೀದಿಯಲ್ಲಿ ತಾನೊಬ್ಬ ಎಂಜಿನಿಯರ್ ಎಂದು ನಂಬಿರುವ ಮನುಷ್ಯ ಒಬ್ಬನೇ ಇದ್ದಾನೆ, ಅವನು ಎಂಜಿನಿಯರ್ ಅಲ್ಲ. ತಿಯೊಫಿಲೊ ಜೀವಮಾನವೆಲ್ಲ ವಿದ್ಯುತ್ ಕಂಪನಿಯ ಪರವಾಗಿ ಮನೆಮನೆಗೆ ತಿರುಗಿ ಮೀಟರ್ ಓದಿದವನು. ನಾಯಿಗಳಿಂದ ಕಚ್ಚಿಸಿಕೊಂಡು, ಗೃಹಿಣಿಯರಿಂದ ಬೈಸಿಕೊಂಡು, ಕೊನೆಗೊಂದು ದಿನ ನಿವೃತ್ತನಾಗಿ ಮನೆಗೆ ಬಂದ. ಬರುವಾಗ ಕಂಪನಿಯ ಟೋಪಿಯನ್ನೂ ವಿದ್ಯುತ್ತಿನ ಬಗ್ಗೆ ಅಪಾರ ಪಾಂಡಿತ್ಯವನ್ನೂ ಜೊತೆಗೆ ತಂದ. ಟೋಪಿ ಕಂಪನಿಯದೇ. ಪಾಂಡಿತ್ಯ ಎಲ್ಲಿಂದ ಬಂತೋ ತಿಳಿಯದು.

"ಮೀಟರ್ ಓದೋಕೂ ಕರೆಂಟು ತಿಳ್ಕೊಳ್ಳೋಕೂ ಏನಯ್ಯಾ ಸಂಬಂಧ?" ಎಂದು ನಾನೊಮ್ಮೆ ಕೇಳಿ ನೋಡಿದೆ.

"ಮೋಂಚೊ, ನೀನು ಅಕ್ಕಿ ತೂಗೋನು. ನಿನ್ನ ತಕ್ಕಡಿ ನೀನು ನೋಡ್ಕೋ," ಎಂದ.

ನಾನು ಅಕ್ಕಿ ತೂಗುವವನು, ಅದು ನಿಜ. ಮೂರಂತಸ್ತಿನ ಹಳೇ ಕಟ್ಟಡದ ಕೆಳಗೆ ನನ್ನ ಅಂಗಡಿ, ತೀರಾ ಮೇಲಿನ ಅಂತಸ್ತಿನಲ್ಲಿ ತಿಯೊಫಿಲೊನ ಮನೆ. ಅಕ್ಕಿ, ಕೆಂಪು ಕಾಳು, ಮಾಂಸದ ಸಲಾಮಿ, ರಮ್ಮು, ಮಂಜುಗಡ್ಡೆ, ಟಾರ್ಚಿನ ಸೆಲ್ಲು, ಎಲ್ಲ ಇಡುತ್ತೇನೆ. ಸೆಲ್ಲಿಗೆ ಬೇಡಿಕೆ ಜಾಸ್ತಿ, ಯಾಕೆಂದರೆ ನಮ್ಮ ಸಾಂತೊ ದೊಮಿಂಗೊ ನಗರದಲ್ಲಿ ಕರೆಂಟು ಎನ್ನುವುದು ಮನೆ ಅಳಿಯನಿದ್ದ ಹಾಗೆ. ಬಂದರೆ ಸಂಭ್ರಮ, ಹೋದರೆ ಯಾಕೆ ಹೋದೆ ಎಂದು ಕೇಳುವ ಹಾಗಿಲ್ಲ.

ಅಂಗಡಿಯ ಮುಂದೊಂದು ಬಾದಾಮಿ ಮರ, ಮರದ ಕೆಳಗೆ ಚುಕ್ಕೆ ಬಿಲ್ಲೆಗಳನ್ನು ಜೋಡಿಸಿ ಆಡುವ ದೊಮಿನೊ ಮೇಜು. ಆ ಮೇಜಿಗೆ ತಿಯೊಫಿಲೊ ರಾಜ. ಅವನು ಬಿಲ್ಲೆಯನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ, ಬಡಿಯುತ್ತಿದ್ದ. ಆ 'ಟಕ್' ಸದ್ದಿಗೆ ನನ್ನ ಅಂಗಡಿಯ ಬಾಟಲಿಗಳು ನಡುಗುತ್ತಿದ್ದವು. ಅವನ ಜೊತೆಗಾರ ರಾದಮೇಸ್, ಬಸ್ ಓಡಿಸುವವನು, ದೊಡ್ಡ ಹೊಟ್ಟೆಯವನು, ತಿಯೊಫಿಲೊನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು 'ಕೊಂಪಾದ್ರೆ' ಎಂದೇ ಕರೆಯುತ್ತಾರೆ, ತಿಯೊಫಿಲೊನ ಹೆಂಡತಿ ರಾದಮೇಸನಿಗೆ 'ಕೊಮಾದ್ರೆ'. ರಾದಮೇಸನ ಆಟ ಮಾತ್ರ ಬಹಳ ಸರಳ. ಕೈಯಲ್ಲಿ ಹೊಂದುವ ಬಿಲ್ಲೆ ಇಲ್ಲದವನು ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಬೇಕು, ಹಾಗೆಂದರೆ 'ಪಾಸು', ಮುಂದಿನವರು ಆಡಿ ಎಂದರ್ಥ. ರಾದಮೇಸ್ ಆಡಿದ್ದಕ್ಕಿಂತ ಕುಟ್ಟಿದ್ದೇ ಹೆಚ್ಚು. ನಮ್ಮ ಬೀದಿಯಲ್ಲಿ ಯಾರಾದರೂ ಬಾಗಿಲು ಎರಡು ಸಲ ತಟ್ಟಿದರೆ ಒಳಗಿನವರು "ರಾದಮೇಸ್ ಬಂದ ನೋಡು" ಅನ್ನುತ್ತಾರೆ.

ಇಂಥ ತಿಯೊಫಿಲೊ ಒಂದು ದಿನ ದೊಮಿನೊ ಬಿಟ್ಟ.

ಕಾರಣ ಹರಕೆ. ಅವನ ಒಬ್ಬಳೇ ಮಗಳು ಯೊಕಾಸ್ತಾ, ಮದುವೆಯಾಗಿ ಲಾ ರೊಮಾನಾದಲ್ಲಿದ್ದಾಳೆ. ಎರಡು ಸಲ ಬಸುರಿಯಾಗಿ ಎರಡು ಸಲವೂ ನಿಲ್ಲಲಿಲ್ಲ. ಮೂರನೆಯ ಸಲ ಸುದ್ದಿ ಬಂದಾಗ ತಿಯೊಫಿಲೊ, ಅವನ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಇಗೇಯಿ ಊರಿನ ದೊಡ್ಡ ಚರ್ಚಿಗೆ ಹೋಗಿ, ಅಲ್ತಾಗ್ರಾಸಿಯಾ ಮಾತೆಯ ಮುಂದೆ ಮಂಡಿಯೂರಿ ಹರಕೆ ಹೊತ್ತರು. ತಾಯಿ ಮಗು ಇಬ್ಬರೂ ಸುಖವಾಗಿ ಬೇರೆಯಾಗುವ ತನಕ ತಿಯೊಫಿಲೊ ದೊಮಿನೊ ಬಿಲ್ಲೆ ಮುಟ್ಟುವುದಿಲ್ಲ. ಅವನ ಹೆಂಡತಿ ಬೆನಿಲ್ಡಾ ಕಾಫಿ ಮುಟ್ಟುವುದಿಲ್ಲ.

ತಿಯೊಫಿಲೊ ದೊಮಿನೊ ಬಿಟ್ಟದ್ದು ನಮಗೆ ನಷ್ಟ. ಬೆನಿಲ್ಡಾ ಕಾಫಿ ಬಿಟ್ಟದ್ದು ನಮಗೆ ಅಪಾಯ. ಎದ್ದ ಕೂಡಲೇ ಕಪ್ಪು ಕಾಫಿ ಕುಡಿಯದೆ ಆ ಹೆಂಗಸು ಯಾರಿಗೂ ಶುಭೋದಯ ಹೇಳಿದವಳಲ್ಲ. ಹರಕೆಯ ಮೊದಲ ದಿನಗಳಲ್ಲಿ ಮೀನು ಮಾರುವವನ ಮೇಲೆ ಚಪ್ಪಲಿ ಎಸೆದಳು. ಅದು ಅವಳಿಗೆ ವಾಪಸು ಬೇಕಿತ್ತು, ತಂದುಕೊಡಲು ಅವನಿಗೆ ಧೈರ್ಯವಿರಲಿಲ್ಲ. ಮನೆಯಲ್ಲಿ ಕಾಫಿಯ ವಾಸನೆಯೂ ಬರಕೂಡದೆಂದು ಅಪ್ಪಣೆಯಾಯಿತು. ತಿಯೊಫಿಲೊ ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಮೂಟೆಗಳ ಮರೆಯಲ್ಲಿ ಕೂತು ಕಾಫಿ ಕುಡಿದು, ಬಾಯಿ ತೊಳೆದುಕೊಂಡು ಹೋಗುತ್ತಿದ್ದ.

ಆಮೇಲೆ ಬೆನಿಲ್ಡಾ ಇದ್ದಕ್ಕಿದ್ದಂತೆ ತಣ್ಣಗಾದಳು. ಮಾತು ಮೃದುವಾಯಿತು. ಮಾತೆಯ ಪಟದ ಮುಂದೆ ಅವಳು ಹಚ್ಚುವ ಧೂಪ ಮಾತ್ರ ದಿನೇ ದಿನೇ ಜಾಸ್ತಿಯಾಗಿ, ಬೆಳಗಾದರೆ ಮೆಟ್ಟಿಲೆಲ್ಲ ಹೊಗೆ. "ಭಕ್ತಿ ಅಂದ್ರೆ ಇದು," ಎಂದು ನಾವೆಲ್ಲ ಕೆಮ್ಮುತ್ತಾ ಕೊಂಡಾಡಿದೆವು.

ಇತ್ತ ತಿಯೊಫಿಲೊನ ಕೈ ಮಾತ್ರ ಸುಮ್ಮನಿರಲೊಲ್ಲದು. ಕೂತಲ್ಲಿ ಬೆರಳುಗಳು ಬಿಲ್ಲೆ ಜೋಡಿಸುವ ಹಾಗೆ ತಾವಾಗಿ ಆಡುತ್ತಿದ್ದವು. ಮರದ ಕೆಳಗೆ ಆಟ ನಡೆಯುವಾಗ ಬೆನ್ನು ಹಾಕಿ ಕೂರುತ್ತಿದ್ದ, ಒಂದೊಂದು ಟಕ್ಕಿಗೂ ಅವನ ಭುಜ ಹಾರುತ್ತಿತ್ತು.

ಅಷ್ಟರಲ್ಲಿ ಬೀದಿಯ ಸಂಘದವರು ನನ್ನ ಅಂಗಡಿಯ ಪಕ್ಕ ಒಂದು ನೀಲಿ ಡ್ರಮ್ಮು ತಂದಿಟ್ಟರು. 'ಸತ್ತ ಸೆಲ್ಲುಗಳನ್ನು ಇಲ್ಲಿ ಹಾಕಿ' ಎಂದು ಬಣ್ಣದಲ್ಲಿ ಬರೆಸಿದ್ದರು. ಅದುವರೆಗೆ ನಾವೆಲ್ಲ ಹಿಂದಿನ ಹಳ್ಳಕ್ಕೆ ಎಸೆಯುತ್ತಿದ್ದೆವು, ಈಗ ನಾಗರಿಕರಾಗಬೇಕಂತೆ. ಮೊದಲ ದಿನವೇ ತಿಯೊಫಿಲೊ ಆ ಡ್ರಮ್ಮಿನೊಳಗೆ ಬಗ್ಗಿ ನೋಡಿ, ಹೆಣ ಗುರುತಿಸಲು ಬಂದ ಬಂಧುವಿನ ಹಾಗೆ ತಲೆ ಅಲ್ಲಾಡಿಸಿದ.

"ಕೊಲೆ," ಎಂದ.

"ಯಾರದಯ್ಯಾ?"

"ಇದ್ರಲ್ಲಿ ಅರ್ಧಕ್ಕರ್ಧ ಜೀವ ಇರೋವು, ಮೋಂಚೊ. ಜೀವಂತ ಹೂಳ್ತಿದೀರ!"

ಹಿಂದಿನ ದಿನ ಜನ ತುರುಕಿದ ಬಾಡಿಗೆ ಕಾರಿನಲ್ಲಿ ಅವನ ತೊಡೆಯ ಮೇಲೆ ಅರ್ಧ ಕೂತಿದ್ದ ಯಾರೋ ಅಪರಿಚಿತ ಅವನಿಗೆ ಆ ವಿದ್ಯೆ ಹೇಳಿಕೊಟ್ಟಿದ್ದನಂತೆ. ಸೆಲ್ಲನ್ನು ನೆಟ್ಟಗೆ ಹಿಡಿದು ಗಟ್ಟಿ ಮೇಜಿನ ಮೇಲೆ ಗೇಣೆತ್ತರದಿಂದ ಬಿಡಬೇಕು. ಜೀವ ಇದ್ದರೆ 'ದಪ್' ಎಂದು ಬಿದ್ದು ಗಂಭೀರವಾಗಿ ನಿಲ್ಲುತ್ತದೆ. ಖಾಲಿಯಾಗಿದ್ದರೆ 'ಟಕ್ ಟಕ್' ಎಂದು ಪುಟಿದು ಉರುಳುತ್ತದೆ.

"ತುಂಬಿದ್ದು ಕೂರುತ್ತೆ, ಖಾಲಿ ಇದ್ದದ್ದು ಕುಣಿಯುತ್ತೆ," ಎಂದು ನೆರೆದ ಗಿರಾಕಿಗಳ ಮುಂದೆ ಘೋಷಿಸಿ, ಡ್ರಮ್ಮಿನಿಂದ ಎತ್ತಿದ ಸೆಲ್ಲೊಂದನ್ನು ನನ್ನ ಕಟ್ಟೆಯ ಮೇಲೆ ಬಿಟ್ಟ. ದಪ್. ನಿಂತಿತು. ಅದನ್ನೇ ನನ್ನ ರೇಡಿಯೊಗೆ ಹಾಕಿದ. ರೇಡಿಯೊ ಹಾಡಿತು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾವು ಸ್ನೇಹಿತರಾಗಿಯೇ ಉಳಿಯುತ್ತಿದ್ದೆವು. ಅವನು ನನ್ನ ಅಂಗಡಿಯಲ್ಲಿ ನೇತುಹಾಕಿದ್ದ ಹೊಚ್ಚಹೊಸ ಅಗ್ಗದ ಸೆಲ್ಲೊಂದನ್ನು ಕಿತ್ತು ಅದನ್ನೂ ಬಿಟ್ಟ. ಟಕ್ ಟಕ್ ಟಕ್. ಅದು ಕುಣಿಯುತ್ತಾ ಹೋಗಿ ಸಲಾಮಿಯ ಪಕ್ಕ ಬಿತ್ತು.

"ಹುಟ್ಟುವಾಗ್ಲೇ ಸತ್ತಿದೆ," ಎಂದು ಟೋಪಿ ತೆಗೆದ.

ಜನ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಅಗ್ಗದ ಜಾತಿಯ ಸೆಲ್ಲಿಗೆ ಈ ಪರೀಕ್ಷೆ ನಡೆಯುವುದಿಲ್ಲವೆಂದು ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. "ನನ್ನ ಕಣ್ಣೆದುರಿಗೆ ಯಾರಾದ್ರೂ ಇವನ ಹತ್ರ ಸೆಲ್ಲು ತಗೊಂಡು ಹೋಗ್ಲಿ, ಅವರಿಗೆ ಇನ್ಮೇಲೆ ಮಂಜುಗಡ್ಡೆ ಇಲ್ಲ," ಎಂದು ನಾನೂ ಘೋಷಿಸಿದೆ. ಕೋಪ ಬಂದಿತ್ತು, ಅದರಲ್ಲಿ ಮುಚ್ಚುಮರೆ ಏನು?

ಈ ನನ್ನ ಘೋಷಣೆಯೇ ಮುಂದಿನ ಅನಾಹುತಕ್ಕೆ ಗೊಬ್ಬರವಾಯಿತು. ಜನ ಸೆಲ್ಲು ತರುವುದನ್ನು ಬಿಡಲಿಲ್ಲ, ಬಚ್ಚಿಟ್ಟು ತರಲು ಶುರು ಮಾಡಿದರು. ಅಂಗಿಯೊಳಗೆ, ಕೊಡೆಯೊಳಗೆ, ಅನ್ನದ ಡಬ್ಬಿಯೊಳಗೆ ಇಟ್ಟುಕೊಂಡು, ನನ್ನ ಅಂಗಡಿಯ ಮುಂದೆ ಬಂದಾಗ ಆಕಾಶ ನೋಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಹತ್ತುವಾಗ ಅವರ ಹೊಟ್ಟೆಯಿಂದ 'ಕಟಕಟ' ಸದ್ದು.

ತಿಯೊಫಿಲೊನ ಕಡೆಯೂ ಗುಟ್ಟು ಬೇಕಿತ್ತು. ಬೆನಿಲ್ಡಾ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. "ನನ್ನ ಮನೇಲಿ ಟಕ್ಕು ಅನ್ನೋ ಸದ್ದು ಕೇಳ್ಬಾರ್ದು. ದೊಮಿನೊ ಅಂತ ಮಾತೆ ತಪ್ಪು ತಿಳ್ಕೊಂಡ್ರೆ ಏನು ಗತಿ?" ಹೀಗಾಗಿ ಅವನು ಸಂಜೆ ಅವಳು ಜಪಮಾಲೆ ಪ್ರಾರ್ಥನೆಗೆ ಚರ್ಚಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ನೆಲದ ಮೇಲೆ ಬಿಟ್ಟರೆ ಟೈಲು ಬಿರುಕು ಬಿಡುತ್ತಿತ್ತು. ಊಟದ ಮೇಜಿನ ಮೇಲೆ ಮಾತೆಯ ಪಟವಿತ್ತು. ಕೊನೆಗೆ ಬೀರುವಿನ ಹಿಂದೆ ಹೊದಿಕೆ ಮುಚ್ಚಿಟ್ಟಿದ್ದ ಮಹಾಗನಿ ಮರದ ಮೇಜನ್ನೇ ಹೊರಗೆ ತೆಗೆದ. ಅದು ಅವನ ಅಪ್ಪನ ಕಾಲದ ದೊಮಿನೊ ಮೇಜು.

ಅವನ ಕೆಳಗಿನ ಮನೆಯಲ್ಲಿ ದೊನ್ಯಾ ಎರ್ಸಿಲಿಯಾ, ಅಂದರೆ ಎರ್ಸಿಲಿಯಾ ಅಮ್ಮನವರು, ಇದ್ದಾರೆ. ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತರಾದವರು. ತಮ್ಮ ಕಿವಿ ದೇವರು ಕೊಟ್ಟ ತಕ್ಕಡಿ ಎಂದು ಅವರೇ ಹೇಳುತ್ತಾರೆ. ಒಂದು ಸಂಜೆ ಆ ಕಿವಿ ಸೂರಿನ ಕಡೆಗೆ ತಿರುಗಿತು.

ದಪ್. ದಪ್. ಟಕ್ ಟಕ್. ದಪ್. ಟಕ್ ಟಕ್.

ಮಾರನೆಯ ದಿನವೂ ಅದೇ. ಮೂರನೆಯ ದಿನ ಅವರು ಬೆನಿಲ್ಡಾ ನನ್ನ ಅಂಗಡಿಯಲ್ಲಿ ಎಣ್ಣೆ ತೆಗೆದುಕೊಳ್ಳುವ ಸಮಯ ನೋಡಿಕೊಂಡು ಕೆಳಗಿಳಿದು ಬಂದರು.

"ಬೆನಿಲ್ಡಾ, ನಾನು ಚಾಡಿ ಹೇಳೋಳಲ್ಲ," ಎಂದರು. ಅವರು ಚಾಡಿ ಹೇಳುವ ಮುನ್ನ ಯಾವಾಗಲೂ ಹಾಡುವ ಪಲ್ಲವಿ ಅದು. "ಆದ್ರೆ ನಿನ್ನ ಗಂಡ ದೊಮಿನೊ ಆಡ್ತಿದ್ದಾನೆ."

"ಸಾಧ್ಯನೇ ಇಲ್ಲ ದೊನ್ಯಾ. ಅವ್ನು ಹರಕೆ ಹೊತ್ತಿದಾನೆ."

"ನೀನು ಚರ್ಚಿಗೆ ಹೋಗು, ನಾನು ಮನೇಲಿ ಕೇಳಿಸ್ಕೋತೀನಿ. ಒಬ್ಬ ಬಿಲ್ಲೆ ಹಾಕ್ತಾನೆ, ದಪ್. ಇನ್ನೊಬ್ಬ ಮೇಜು ಕುಟ್ತಾನೆ, ಟಕ್ ಟಕ್. ಮತ್ತೆ ದಪ್, ಮತ್ತೆ ಟಕ್ ಟಕ್. ನೀನೇ ಹೇಳು, ಅಷ್ಟೊಂದು ಸಲ ಪಾಸು ಅನ್ನೋನು ಈ ಊರಲ್ಲಿ ಯಾರಿದಾನೆ?"

ಬೆನಿಲ್ಡಾಳ ಕೈಯಲ್ಲಿದ್ದ ಎಣ್ಣೆ ಬಾಟಲಿ ಕಟ್ಟೆಗೆ ತಾಗಿತು. "ರಾದಮೇಸ್," ಎಂದಳು.

"ನಾನು ಹೆಸ್ರು ಹೇಳ್ಲಿಲ್ಲಮ್ಮಾ. ನೀನು ಹೇಳ್ದೆ."

"ನಿನ್ನೆ ಸಂಜೆ ಅವ್ನು ಮೇಲೆ ಹೋಗಿದ್ದು ನಾನು ಕಂಡೆ," ಎಂದು ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. "ಅಂಗಿ ಒಳಗೆ ಏನೋ ಇತ್ತು. ಕಟಕಟ ಅಂತಿತ್ತು."

"ಬಿಲ್ಲೆ!" ಎಂದರು ದೊನ್ಯಾ ಎರ್ಸಿಲಿಯಾ. "ಅಷ್ಟೇ ಅಲ್ಲ. ನಿನ್ನ ಗಂಡ ಮಧ್ಯೆ ಮಧ್ಯೆ 'ಇದು ಸತ್ತಿತು, ಇದು ನನ್ನದು' ಅಂತಾನೆ."

ಬೆನಿಲ್ಡಾ ಕಿರುಚುತ್ತಾಳೆ, ಏನಾದರೂ ಎಸೆಯುತ್ತಾಳೆ ಎಂದು ನಾನು ಮೊಟ್ಟೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದೆ. ಅವಳು ಏನೂ ಮಾಡಲಿಲ್ಲ. ಮುಖ ಸುಣ್ಣದಂತೆ ಬಿಳಿಚಿತು. "ಹೆರಿಗೆಗೆ ಇನ್ನು ಒಂದು ವಾರ ಅಷ್ಟೇ ಇತ್ತಲ್ಲ," ಎಂದಳು. "ಬಟ್ಟೆ ಎಲ್ಲ ತುಂಬಿಟ್ಟಿದೀನಿ. ಶನಿವಾರ ಯೊಕಾಸ್ತಾ ಹತ್ರ ಹೊರಡ್ಬೇಕು. ಒಂದು ವಾರ ತಡ್ಕೊಳ್ಳೋಕೆ ಆಗ್ಲಿಲ್ವಾ ಅವ್ನಿಗೆ?"

ಅವಳ ಹೆದರಿಕೆ ಕಂಡು ನನಗೂ ಹೆದರಿಕೆಯಾಯಿತು. ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಯೊಕಾಸ್ತಾಳ ಮಗು ಎಂದರೆ ನಮಗೆಲ್ಲ ಸೇರಿದ ಮಗು. ಎರಡು ಸಲ ಆ ಮನೆಯ ಅಳು ಕೇಳಿದವರು ನಾವು.

ಉಪಾಯ ದೊನ್ಯಾ ಎರ್ಸಿಲಿಯಾ ಅವರದು. ಅಂದು ಸಂಜೆ ಬೆನಿಲ್ಡಾ ಎಂದಿನಂತೆ ಧೂಪ ಹಚ್ಚಿ, ಜಪಮಾಲೆ ಹಿಡಿದು ಚರ್ಚಿಗೆಂದು ಹೊರಟಳು. ಹೊರಟು ಮೂಲೆಯವರೆಗೆ ಹೋಗಿ, ಅಲ್ಲಿ ಕಾದಿದ್ದ ಪ್ರಾರ್ಥನೆಯ ಹೆಂಗಸರನ್ನು ಕೂಡಿಕೊಂಡು ಹಾಗೇ ವಾಪಸು ಬಂದಳು. ಅಷ್ಟರಲ್ಲಿ ರಾದಮೇಸ್ ಅಂಗಿಯೊಳಗೆ ಕಟಕಟ ಅನ್ನಿಸುತ್ತಾ ಮೇಲೆ ಹೋಗಿಯಾಗಿತ್ತು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದೆಯೇ ಹೊರಟೆ. ಇಂಥ ಸಂದರ್ಭದಲ್ಲಿ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಬೇಕಾಗುತ್ತದೆ.

ಬಾಗಿಲ ಹೊರಗೆ ನಿಂತು ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು.

ದಪ್. "ಇದು ನನ್ನದು." ಟಕ್ ಟಕ್. "ಸತ್ತ."

ಬೆನಿಲ್ಡಾ ಬಾಗಿಲು ದೂಡಿದಳು.

ತಿಯೊಫಿಲೊ ದೊಮಿನೊ ಮೇಜಿನ ಮುಂದೆ, ಕಂಪನಿಯ ಟೋಪಿ ಹಾಕಿಕೊಂಡು, ಕಣ್ಣು ಮುಚ್ಚಿ, ಕೈಯಲ್ಲೊಂದು ಸೆಲ್ಲು ಎತ್ತಿ ಹಿಡಿದು ಕೂತಿದ್ದ. ಮೇಜಿನ ಒಂದು ಬದಿಯಲ್ಲಿ ಸೆಲ್ಲುಗಳು ಪರೇಡಿಗೆ ನಿಂತಂತೆ ನಿಂತಿದ್ದವು. ಇನ್ನೊಂದು ಬದಿಯಲ್ಲಿ ಒಂದು ತಗಡಿನ ಡಬ್ಬಿ. ಎದುರಿಗೆ ಖಾಲಿ ಕುರ್ಚಿ, ಅದರ ಮೇಲೆ ಇನ್ನೊಂದು ಟೋಪಿ.

"ತಿಯೊಫಿಲೊ!"

ಅವನ ಕೈ ಜಾರಿತು. ಸೆಲ್ಲು ಮೇಜಿಗೆ ಬಿದ್ದು ಟಕ್ ಟಕ್ ಎಂದಿತು.

"ಪಾಸು!" ಎಂದರು ದೊನ್ಯಾ ಎರ್ಸಿಲಿಯಾ. ಬಾಯಿ ತಪ್ಪಿ ಬಂದದ್ದು, ಆದರೆ ಕಿವಿ ತಪ್ಪಿರಲಿಲ್ಲ.

"ಬಿಲ್ಲೆ ಎಲ್ಲಿ ಬಚ್ಚಿಟ್ಟೆ?" ಬೆನಿಲ್ಡಾ ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಯಾವ ಬಿಲ್ಲೆ? ಇದು ಸೆಲ್ಲು ಕಣೇ! ಎಸೆಯೋಕೆ ಮುಂಚೆ ಪರೀಕ್ಷೆ ಮಾಡ್ತಿದೀನಿ. ನೀನು ಸದ್ದು ಬೇಡ ಅಂದಿದ್ದೆ, ಅದಕ್ಕೆ ನೀನಿಲ್ದಾಗ..."

"ಈ ಮೇಜು?"

"ಮರ ಗಟ್ಟಿ ಇದೆ."

"ಒಬ್ನೇ ಇದೀಯಾ?"

"ಒಬ್ನೇ."

"ಆ ಟೋಪಿ ಯಾರ್ದು?"

ತಿಯೊಫಿಲೊ ಟೋಪಿಯನ್ನು ಬಹಳ ಹೊತ್ತು ನೋಡಿದ. "ಅದು... ಬಿಡುವಿನ ಟೋಪಿ," ಎಂದ.

ನಡೆದದ್ದಿಷ್ಟು. ಮೆಟ್ಟಿಲಲ್ಲಿ ಹೆಂಗಸರ ಕಾಲಸಪ್ಪಳ ಕೇಳಿದ ಕೂಡಲೇ ರಾದಮೇಸ್, ಕಣ್ಣು ಮುಚ್ಚಿ ಸೆಲ್ಲಿಗೆ ಕಿವಿಗೊಟ್ಟಿದ್ದ ತಿಯೊಫಿಲೊನನ್ನು ಬಿಟ್ಟು ಓಡಿ ಹೋಗಿ, ಪರದೆಯಾಚೆ ಇದ್ದ ಮಂಚದ ಕೆಳಗೆ ತೂರಿಕೊಂಡಿದ್ದ. ತಪ್ಪು ಮಾಡಿದ್ದಕ್ಕಲ್ಲ, ಅಭ್ಯಾಸಬಲದಿಂದ. ಎಷ್ಟೋ ವರ್ಷಗಳಿಂದ ದೊಮಿನೊ ಮೇಜಿನ ಬಳಿ ಹೆಂಗಸರ ಚಪ್ಪಲಿ ಸದ್ದು ಕೇಳಿದಾಗಲೆಲ್ಲ ಅವನು ಮಾಡಿಕೊಂಡು ಬಂದದ್ದೇ ಅದು. ಈಗ "ಮಂಚದ ಕೆಳಗೆ ರಾದಮೇಸ್ ಇದಾನೆ, ಆದ್ರೆ ನಾವು ದೊಮಿನೊ ಆಡ್ತಿರ್ಲಿಲ್ಲ" ಎಂದರೆ ಯಾವ ಹೆಂಡತಿ ನಂಬುತ್ತಾಳೆ? ತಿಯೊಫಿಲೊ ಖಾಲಿ ಕುರ್ಚಿ ಕಂಡು ಅಷ್ಟು ಲೆಕ್ಕ ಹಾಕಿ ಸುಳ್ಳು ಹೇಳಿದ್ದ.

"ಹುಡುಕಿ," ಎಂದರು ದೊನ್ಯಾ ಎರ್ಸಿಲಿಯಾ.

ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು.

ಬೀದಿಗೆ ಬೀದಿಯೇ "ಆಆಹ್" ಎಂದು ನಿಟ್ಟುಸಿರು ಬಿಟ್ಟಿತು. ಮುಚ್ಚಿದ ಕಿಟಕಿಗಳ ಆ ಮನೆ ಕಗ್ಗತ್ತಲಾಯಿತು. ಹೆಂಗಸರು ಒಬ್ಬರ ಕಾಲು ಒಬ್ಬರು ತುಳಿದರು, ಯಾರೋ ಬೆನಿಲ್ಡಾ ತುಂಬಿಟ್ಟಿದ್ದ ಬಟ್ಟೆಯ ಚೀಲಕ್ಕೆ ಎಡವಿ ಬಿದ್ದರು. ಅಷ್ಟರಲ್ಲಿ ಮಂಚದ ಕಡೆಯಿಂದ ನೆಲದೊಳಗಿನಿಂದ ಬಂದ ಹಾಗೆ ಒಂದು ಕೂಗು:

"ಅಯ್ಯಯ್ಯೋ ಸುಟ್ಟೆ! ಸುಟ್ಟೆ!"

"ನರಕದ ಆತ್ಮ!" ಎಂದು ಚೀರಿ ಪ್ರಾರ್ಥನೆಯ ಹೆಂಗಸರು ಗಟ್ಟಿಯಾಗಿ ಜಪ ಶುರು ಮಾಡಿದರು. ನಾನೂ ಸೇರಿಕೊಂಡೆ.

ಆ ಗದ್ದಲದಲ್ಲಿ ಶಾಂತವಾಗಿದ್ದವನು ತಿಯೊಫಿಲೊ ಒಬ್ಬನೇ. ಗೋಡೆಗೆ ನೇತುಹಾಕಿದ್ದ ಟಾರ್ಚನ್ನು ತಡವಿ ತೆಗೆದ. ಅದರ ಮುಚ್ಚಳ ತಿರುಗಿಸಿದ್ದು, ನಿಂತ ಸೆಲ್ಲುಗಳ ಸಾಲಿನಿಂದ ಎರಡನ್ನು ಎತ್ತಿ ಒಳಗೆ ಹಾಕಿದ್ದು, ಎಲ್ಲ ಸದ್ದಿನಲ್ಲೇ ತಿಳಿಯಿತು. ಕ್ಲಿಕ್. ಎಂಥ ಬೆಳಕು ಎನ್ನುತ್ತೀರಿ! ಡ್ರಮ್ಮಿನ ಪಾಲಾಗಬೇಕಿದ್ದ ಸೆಲ್ಲಿನಿಂದ ಇಡೀ ಕೋಣೆ ಹಗಲಾಯಿತು. ಅವನು ವಿಜಯದಿಂದ ಬೆಳಕನ್ನು ಎಲ್ಲರ ಮುಖದ ಮೇಲೂ ಹಾಯಿಸಿದ, ಮಾತೆಯ ಪಟದ ಮೇಲೂ ಹಾಯಿಸಿದ, ಕೊನೆಗೆ ಪರದೆ ಸರಿಸಿ ಮಂಚದ ಕೆಳಗೆ ಹಿಡಿದ.

ರಾದಮೇಸನ ಮುಖ ಕಂಡಿತು. ಅವನ ಕೈ ಕಂಡಿತು. ಕೈಯ ಪಕ್ಕ ಉರುಳಿ ಬಿದ್ದಿದ್ದ ಪುಟ್ಟ ಅಲ್ಯುಮಿನಿಯಂ ಕಾಫಿಪಾತ್ರೆ ಕಂಡಿತು. ಅದರ ಮೂತಿಯಿಂದ ನೆಲದ ಮೇಲೆ ಕಪ್ಪಗೆ ಹರಿಯುತ್ತಿದ್ದ ಕಾಫಿಯಿಂದ ಇನ್ನೂ ಹಬೆ ಏಳುತ್ತಿತ್ತು.

ಧೂಪದ ವಾಸನೆಯನ್ನು ಸೀಳಿಕೊಂಡು ಕಾಫಿಯ ಘಮ ಬಂತು. ಒಬ್ಬೊಬ್ಬರಾಗಿ ಜಪ ನಿಲ್ಲಿಸಿದರು. ಆ ಮನೆಯಲ್ಲಿ ಕಾಫಿ ಬಿಡುವ ಹರಕೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ಮೆಲ್ಲಗೆ ಆ ಕಡೆ ತಿರುಗತೊಡಗಿದವು. ಬೆನಿಲ್ಡಾ ಜಪಮಾಲೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅವಳ ಮುಖ ನೋಡಬಾರದಿತ್ತು, ನೋಡಿಬಿಟ್ಟೆ.

"ನಂದು," ಎಂದ ತಿಯೊಫಿಲೊ.

"ಏನು ನಿಮ್ದು?" ದೊನ್ಯಾ ಎರ್ಸಿಲಿಯಾ ಕೇಳಿದರು.

"ಕಾಫಿ. ನನ್ನ ಹರಕೆ ದೊಮಿನೊದ್ದು ದೊನ್ಯಾ, ಕಾಫಿದಲ್ಲ. ಬೆನಿಲ್ಡಾ ಕಂಡ್ರೆ ಪಾಪ ಅವಳಿಗೆ ಆಸೆ ಆಗುತ್ತೆ ಅಂತ ಕದ್ದು ಮಾಡ್ಕೊಂಡು ಮಂಚದ ಕೆಳಗೆ ಇಟ್ಕೋತೀನಿ. ಸೆಲ್ಲು ಪರೀಕ್ಷೆಗೆ ಕಿವಿ ಚುರುಕಾಗಿರ್ಬೇಕು ನೋಡಿ."

ಈ ಮನುಷ್ಯನಿಗೆ ಒಲೆ ಹಚ್ಚಲು ಬಾರದು. ಹಿಂದೊಮ್ಮೆ ಬೆನಿಲ್ಡಾ ಊರಲ್ಲಿಲ್ಲದಾಗ ನೀರಿಲ್ಲದೆ ಮೊಟ್ಟೆ ಬೇಯಿಸಲು ಹೋಗಿ ಪಾತ್ರೆ ತೂತು ಮಾಡಿದವನು. ಅವನು ಕುಡಿದ ಕಾಫಿಯೆಲ್ಲ ನನ್ನ ಅಂಗಡಿಯದು. ಸೆಲ್ಲಿನ ವಿಷಯದಲ್ಲಿ ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಯೇ, ಆ ಟಾರ್ಚಿನ ಬೆಳಕಲ್ಲೇ, ಕರಗಿಹೋಯಿತು.

"ಹೌದು ದೊನ್ಯಾ," ಎಂದೆ. "ಪುಡಿ ನನ್ನ ಹತ್ರಾನೇ ತಗೊಂಡು ಹೋಗ್ತಾನೆ."

ದೊನ್ಯಾ ಎರ್ಸಿಲಿಯಾ ಇಬ್ಬರನ್ನೂ ನೋಡಿದರು. ಹರಕೆಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. "ಮತ್ತೆ ಆ ಟಕ್ ಟಕ್?"

ತಿಯೊಫಿಲೊ ಒಂದು ಸೆಲ್ಲು ಬಿಟ್ಟು ತೋರಿಸಿದ. ದಪ್. ಇನ್ನೊಂದು ಬಿಟ್ಟ. ಟಕ್ ಟಕ್. ಅವರು ಕಣ್ಣು ಮುಚ್ಚಿ ಕೇಳಿ, "ಹ್ಞೂಂ. ಸೆಲ್ಲೇ. ಸ್ವರ ಸ್ವಲ್ಪ ಮೇಲಿದೆ. ನಂಗೆ ಮೊದ್ಲೇ ಅನುಮಾನ ಇತ್ತು," ಎಂದರು.

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ದನಿ ತಗ್ಗಿಸಿ, "ದೋನ್ ತಿಯೊ, ನಾನು ಕಳ್ಸಿದ್ನಲ್ಲ, ಗಡಿಯಾರದ್ದು, ಅದೇನಾಯ್ತು?" ಎಂದು ಕೇಳತೊಡಗಿದರು. ಎಲ್ಲರೂ ಕಳುಹಿಸಿದವರೇ! ನನ್ನ ಮಂಜುಗಡ್ಡೆಯ ಬೆದರಿಕೆಗೆ ಇಷ್ಟೇ ಬೆಲೆ. ತಂತಮ್ಮ ಸೆಲ್ಲು ಆರಿಸಿಕೊಂಡು, ಇಳಿಯಲು ಬೆಳಕು ಬೇಕೆಂದು ಟಾರ್ಚನ್ನೂ ತೆಗೆದುಕೊಂಡು, ಮೆರವಣಿಗೆ ಕೆಳಗಿಳಿಯಿತು.

ಆ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದ ರಾದಮೇಸ್ ಮಾತ್ರ ಹೊರಗೆ ಬರಲಿಲ್ಲ. ಬರಲು ಆಗಲಿಲ್ಲ. ಹೆದರಿಕೆಯಲ್ಲಿ ಒಳಗೆ ಹೋದ ಹೊಟ್ಟೆ ಹೆದರಿಕೆ ಕಳೆದ ಮೇಲೆ ಹೊರಗೆ ಬರಲೊಪ್ಪಲಿಲ್ಲ. ಆ ಬದಿಯಿಂದ ತಳ್ಳೋಣವೆಂದು ನಾನು ಮಂಚದ ಕೆಳಗೆ ತೆವಳಿದ್ದೆ. ಅಷ್ಟರಲ್ಲಿ ಟಾರ್ಚು ಹೊರಟುಹೋಗಿ ಕತ್ತಲಾಯಿತು, ಬಾಗಿಲು ಮುಚ್ಚಿತು. ಎಲ್ಲರೂ ಹೋದರೆಂದು ಗಂಡ ಹೆಂಡತಿ ತಿಳಿದರು. ನಾವಿದ್ದೇವೆ ಎನ್ನೋಣವೆಂದರೆ ಮಾತು ಆಗಲೇ ಶುರುವಾಗಿತ್ತು. ನಾನು ರಾದಮೇಸನ ಬಾಯಿ ಮುಚ್ಚಿ ಹಿಡಿದೆ.

"ಯಾವಾಗಿಂದ ಗೊತ್ತು ನಿಂಗೆ?" ಬೆನಿಲ್ಡಾಳ ಧ್ವನಿ.

"ಏನು?"

"ತಿಯೊ."

"ಹರಕೆ ಹೊತ್ತು ಸ್ವಲ್ಪ ದಿನಕ್ಕೇ."

"ಹೇಗೆ?"

"ಮೊದಮೊದ್ಲು ನೀನು ಏನು ಸೋಕಿದ್ರೂ ಎಗರ್ತಿದ್ದೆ. ಒಂದು ದಿನ ನನ್ನ ಒದ್ದೆ ಟವಲ್ಲು ಹಾಸಿಗೆ ಮೇಲೆ ಬಿದ್ದಿತ್ತು. ನೀನು ಕಂಡೆ. ಸುಮ್ನೆ ಎತ್ತಿ ಒಣಗೋಕೆ ಹಾಕ್ದೆ. ಎಗರ್ಲೇ ಇಲ್ಲ. ಓಹೋ, ಒಳಗೇನೋ ತುಂಬಿದೆ ಅಂತ ಆಗ್ಲೇ ಗೊತ್ತಾಯ್ತು."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಕಾಫಿ ಬಿಟ್ಬಿಡ್ತಿದ್ದೆ," ಎಂದ ತಿಯೊಫಿಲೊ. "ಮತ್ತೆ ಎಗರ್ತಿದ್ದೆ."

ಬೆನಿಲ್ಡಾ ನಕ್ಕಳೋ ಅತ್ತಳೋ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. "ನನ್ನ ಕೈಲಿ ಆಗ್ಲಿಲ್ಲ ತಿಯೊ. ದಿನಾ ಇವತ್ತೇ ಕೊನೆ, ಇವತ್ತೇ ಕೊನೆ ಅಂತಿದ್ದೆ. ಬೆಳಿಗ್ಗೆ ಸಂಜೆ ನೀನು ಸ್ನಾನಕ್ಕೆ ಹೋದಾಗ ಮಾಡ್ಕೋತಿದ್ದೆ, ಧೂಪ ಹಚ್ತಿದ್ದೆ, ಮಾತೆ ಮುಖ ಆ ಕಡೆ ತಿರುಗಿಸಿ ಕುಡೀತಿದ್ದೆ, ಉಳಿದದ್ದನ್ನ ಮಂಚದ ಕೆಳಗೆ ಬಚ್ಚಿಡ್ತಿದ್ದೆ. ಅದಕ್ಕೇ ಇವತ್ತು ಹುಚ್ಚಿ ಹಾಗೆ ಓಡಿ ಬಂದಿದ್ದು. ನನ್ನ ಕಡೆ ಹಗ್ಗ ನಾನು ಆಗ್ಲೇ ಬಿಟ್ಟಾಗಿತ್ತು. ನಿನ್ನ ಕೈಲಿರೋದೊಂದೇ ಆ ಮಗೂನ ಹಿಡ್ಕೊಂಡಿರೋದು ಅಂತ ಧೈರ್ಯವಾಗಿದ್ದೆ. ನೀನೂ ಬಿಟ್ರೆ ಯಾರು ಹಿಡ್ಕೋತಾರೆ ಹೇಳು?"

"ಬಿಟ್ಟಿಲ್ಲ ಕಣೇ. ನಿನ್ನಾಣೆ, ಒಂದು ಬಿಲ್ಲೆ ಮುಟ್ಟಿಲ್ಲ. ಕೈ ತುಂಬ ಕಡೀತಿತ್ತು. ಅದಕ್ಕೇ ಸೆಲ್ಲು ಹಿಡ್ಕೊಂಡೆ."

ನನ್ನ ಅಂಗೈ ಒದ್ದೆಯಾಗಿತ್ತು. ರಾದಮೇಸ್ ಸದ್ದಿಲ್ಲದೆ ಅಳುತ್ತಿದ್ದ.

ಆಗ ಫೋನು ಬಡಿದುಕೊಂಡಿತು. ತಿಯೊಫಿಲೊ ಎತ್ತಿದ. ಅಳಿಯ ಲಾ ರೊಮಾನಾದಿಂದ ಕೂಗುತ್ತಿದ್ದದ್ದು ಫೋನಿಲ್ಲದೆಯೂ ಕೇಳುತ್ತಿತ್ತೋ ಏನೋ, ಮಂಚದ ಕೆಳಗಂತೂ ಸ್ಪಷ್ಟವಾಗಿ ಕೇಳಿಸಿತು.

"ಮಾವಾ! ಅವಸರ ಮಾಡ್ಕೊಂಡು ಬಂದ್ಬಿಟ್ಳು ಮಾವಾ! ಹೆಣ್ಣು! ಇಬ್ರೂ ಚೆನ್ನಾಗಿದಾರೆ! ಯೊಕಾಸ್ತಾ ನಗ್ತಾ ಇದಾಳೆ!"

ಅದೇ ಗಳಿಗೆಗೆ ಕರೆಂಟು ಬಂತು. "ಬಂತೂ!" ಎಂದು ಇಡೀ ಬೀದಿ ಕೇಕೆ ಹಾಕಿತು, ಶಿಳ್ಳೆ ಹೊಡೆಯಿತು, ಯಾರೋ ತಟ್ಟೆ ಬಡಿದರು.

"ಬೀದಿಗೆಲ್ಲಾ ಆಗ್ಲೇ ಗೊತ್ತಾಗೋಯ್ತಾ?" ಎಂದಳು ಬೆನಿಲ್ಡಾ, ಕಣ್ಣೊರೆಸಿಕೊಳ್ಳುತ್ತಾ.

ತಿಯೊಫಿಲೊ ಧೊಪ್ಪೆಂದು ಮಂಚದ ಮೇಲೆ ಕೂತ. ಹಳೇ ಮಂಚ. ಅದರ ನಡು ಬಗ್ಗಿ ನೇರ ನಮ್ಮ ಬೆನ್ನಿನ ಮೇಲೆ ಬಂತು.

"ಅಮ್ಮಾ!" ಎಂದೆವು ಇಬ್ಬರೂ.

ಮುಂದಿನದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ. ಬೆನಿಲ್ಡಾ ಕೆಳಗೆ ಬಗ್ಗಿ, ಉರುಳಿ ಬಿದ್ದಿದ್ದ ಕಾಫಿಪಾತ್ರೆಯನ್ನೇ ಆಯುಧದಂತೆ ಎತ್ತಿಕೊಂಡಳು. "ಎಷ್ಟು ಕೇಳಿಸ್ಕೊಂಡ್ರಿ?"

"ಏನೂ ಇಲ್ಲ ಬೆನಿಲ್ಡಾ," ಎಂದೆ. "ಹೆಣ್ಣು ಮಗು ಅನ್ನೋದೊಂದೇ ಕೇಳ್ಸಿದ್ದು."

"ನಂಗೆ ಅದೂ ಕೇಳ್ಸಿಲ್ಲ ಕೊಮಾದ್ರೆ," ಎಂದ ರಾದಮೇಸ್, ಬಿಕ್ಕುತ್ತಾ.

ಅವಳು ಪಾತ್ರೆ ಎತ್ತಿದ್ದು ಎತ್ತಿದ ಹಾಗೇ ನಿಂತಳು. ಆಮೇಲೆ ನಗು ಬಂತು. ಗಂಡ ಹೆಂಡತಿ ಸೇರಿ ಮಂಚ ಎತ್ತಿ ನಮ್ಮನ್ನು ಹೊರಗೆಳೆದರು. ತಿಯೊಫಿಲೊ ಹೆಂಡತಿಯ ಸೊಂಟ ಹಿಡಿದ, ಅವಳು ಪಾತ್ರೆ ಹಿಡಿದೇ ಅವನ ಕೊರಳು ತಬ್ಬಿದಳು, ಇಬ್ಬರೂ ಕೋಣೆಯ ತುಂಬ ಧಡಧಡ ಕುಣಿದರು. ಸುಮ್ಮನೆ ನೋಡುತ್ತ ನಿಲ್ಲಲಾಗದೆ ರಾದಮೇಸನೂ ಸೇರಿಕೊಂಡ. ತುಂಬಿದ್ದು ಕೂರುತ್ತದೆ, ಖಾಲಿ ಇದ್ದದ್ದು ಮಾತ್ರ ಕುಣಿಯುತ್ತದೆ ಎಂಬ ತಿಯೊಫಿಲೊನ ಮಹಾ ಸಿದ್ಧಾಂತ ಅವನ ಕಾಲ ಕೆಳಗೇ ನುಚ್ಚುನೂರಾಯಿತು. ಅದನ್ನು ಅವನಿಗೆ ಹೇಳೋಣವೆಂದುಕೊಂಡೆ, ಆದರೆ ಅಷ್ಟರಲ್ಲಿ ನಾನೂ ಕುಣಿಯುತ್ತಿದ್ದೆ.

ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರು ಬಡಿದ ಸದ್ದು ಬಂತು.

"ನಾನು ಹೇಳ್ಲಿಲ್ವಾ!" ದೊನ್ಯಾ ಎರ್ಸಿಲಿಯಾ ಕೂಗಿದರು. "ನಾವು ಈ ಕಡೆ ಇಳಿದ್ವಿ, ಆ ಕಡೆ ಶುರು ಹಚ್ಕೊಂಡ್ರು! ನಾಲ್ಕೂ ಜನ ಸೇರಿ ದೊಮಿನೊ ಆಡ್ತಿದಾರೆ! ನನ್ನ ಕಿವಿಗೆ ಮೋಸ ಮಾಡೋಕಾಗಲ್ಲ!"

ನಾವೆಲ್ಲ ಗಕ್ಕನೆ ನಿಂತೆವು. ತಿಯೊಫಿಲೊ ಉತ್ತರ ಕೊಡಲು ಬಾಯಿ ತೆರೆದ. ಬೆನಿಲ್ಡಾ ಅವನನ್ನು ಕೈ ಅಡ್ಡ ಹಿಡಿದು ತಡೆದಳು. ಹುಟ್ಟಿದಾಗಿನಿಂದ ಒಂದು ದೊಮಿನೊ ಬಿಲ್ಲೆ ಮುಟ್ಟಿರದ ಆ ಹೆಂಗಸು ನೆಲದ ಮೇಲೆ ಮಂಡಿಯೂರಿ, ಖಾಲಿ ಕಾಫಿಪಾತ್ರೆಯ ತಳದಿಂದ ಎರಡು ಸಲ ಕುಟ್ಟಿದಳು.